ಇಂಗ್ಲೀಷಿನಲ್ಲಿ ನಮ್ಮ ನಾಡಿನ ಹೆಸರು

ಲೊಕ್ಕನಹಳ್ಳಿಯ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಒಂದು ತಗಡಿನ ಪೆಟ್ಟಿಗೆಯುಂಟು. ಒಂದೇ ಹೊಲಕ್ಕೆ ಸಂಬಂಧಪಟ್ಟ ನಾಲ್ಕು ಪತ್ರಗಳು ಅದರೊಳಗೆ ಉಳಿದುಬಂದಿವೆ. ಮೊದಲನೆಯ ಪತ್ರದಂತೆ ಆ ಹೊಲವು ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆ ಕೊಳ್ಳೇಗಾಲದ ತಾಲ್ಲೂಕಿಗೆ ಸೇರಿದುದು. ಎರಡನೆಯದರಂತೆ ಮೈಸೂರು ರಾಜ್ಯದ ಮೈಸೂರು ಜಿಲ್ಲೆಗೆ. ಮೂರನೆಯದರಂತೆ ಕರ್ನಾಟಕ ರಾಜ್ಯದ ಮೈಸೂರು ಜಿಲ್ಲೆಗೆ. ನಾಲ್ಕನೆಯದರಂತೆ ಚಾಮರಾಜನಗರ ಜಿಲ್ಲೆಗೆ. ಇಂದು ಐದನೆಯದೊಂದನ್ನು ಬರೆಯಿಸಿದರೆ ತಾಲ್ಲೂಕಿನ ಹೆಸರೂ ಹನೂರೆಂದು ಬದಲಾಗುವುದು. ಹೊಲವೇನೋ ಇದ್ದಲ್ಲಿಯೇ ಇದೆ. ನಾಲ್ಕು ಪತ್ರಗಳಲ್ಲಿಯೂ ಚಕ್ಕುಬಂದಿ ಒಂದೇ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಗಾಡಿಯ ದಾರಿ.

ನಾನು ಬಾಲಕನಾಗಿದ್ದಾಗ ಶಾಲೆಯ ಚರಿತ್ರೆಯ ಪುಸ್ತಕದಲ್ಲಿ ‘ಕರ್ನಾಟಿಕ್ ಯುದ್ಧಗಳು’ ಎಂಬ ಪಾಠವಿದ್ದಿತು. ಹೆಸರನ್ನು ನೋಡಿದೊಡನೆಯೇ, ಈ ಯುದ್ಧಗಳು ನಮ್ಮ ನಾಡಿನಲ್ಲಿಯೇ ನಡೆದಿರಬೇಕೆಂದು ಉತ್ಸಾಹದಿಂದ ಭೂಪಟವನ್ನು ಬಿಡಿಸಿದೆನು. ಪಾಠದಲ್ಲಿದ್ದ ಊರುಗಳಾದರೋ ಆರ್ಕಾಟು, ಮದರಾಸು, ಪುದುಚ್ಚೇರಿ, ತಿರುಚಿನಾಪಳ್ಳಿ, ವಾಂದಿವಾಶ್. ಕನ್ನಡನಾಡಿನ ಒಂದು ಊರೂ ಅದರಲ್ಲಿಲ್ಲ. ಮನೆಯಲ್ಲಿ ತಾತನವರನ್ನು ಕೇಳಿದಾಗ ಅವರು, ‘ಅದು ಇಂಗ್ಲೀಷಿನವರ ಕರ್ನಾಟಕ, ಮಗು, ನಮ್ಮದಲ್ಲ’ ಎಂದಷ್ಟೇ ಹೇಳಿ ಸುಮ್ಮನಾದರು. ಒಂದು ನಾಡಿನ ಹೆಸರು ಅದರ ಒಡೆಯರನ್ನು ಬಿಟ್ಟು ಪರರ ಪಾಲಾಗುವುದು ಹೇಗೆಂಬುದು ನನಗೆ ಅಂದು ತಿಳಿಯಲಿಲ್ಲ. ಇದನ್ನೇ ಈ ಲೇಖನದಲ್ಲಿ ವಾಚಕರ ಮುಂದಿಡಲು ಯತ್ನಿಸಿದ್ದೇನೆ.

ಮೊದಲು ಹೆಸರಿನ ಅರ್ಥವನ್ನು ಕುರಿತು ಎರಡು ಮಾತು. ಕರ್ಣ ಎಂಬ ಸಂಸ್ಕೃತ ಶಬ್ದದಿಂದ ಕರ್ನಾಟಕವನ್ನು ಬಿಡಿಸಿ, ಕಿವಿಗೆ ಇಂಪಾದುದೆಂದೋ ಎಲ್ಲರ ಕಿವಿಯಲ್ಲಿಯೂ ಸುಳಿದಾಡುವುದೆಂದೋ ಅರ್ಥಮಾಡಿದವರುಂಟು. ಇದು ಅಭಿಮಾನದ ಮಾತು, ನಿರುಕ್ತಿಯಲ್ಲ. ಗುಂಡರ್ಟ್ ಪಂಡಿತರು ಕರಿಯ ಮಣ್ಣಿನ ನಾಡು ಕರುನಾಡು ಎಂದು ಸೂಚಿಸಿದರು. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು ಬರೆದ ಕಾಲ್ಡ್‌ವೆಲ್ ಅವರಿಗೂ ಅದು ಒಪ್ಪಿಗೆಯಾಯಿತು. ಕಮ್ಮಿತು ನಾಡು, ಎಂದರೆ ಕಂಪುಳ್ಳ ನಾಡು, ಎಂಬುವರು ಕೆಲವರು. ಕರು ಎಂಬುದಕ್ಕೆ ಎತ್ತರವೆಂಬ ಅರ್ಥವೂ ಇರುವುದರಿಂದ ಎತ್ತರದ ನಾಡೇ ಕರುನಾಡು ಎಂಬುವರು ಮತ್ತೆ ಕೆಲವರು. ಉಪ್ಪರಿಗೆಯ ಮನೆಗೆ ಕರುಮಾಡ ಎನ್ನುವುದನ್ನು ಇವರು ಸಾಕ್ಷಿಗೆ ತರುತ್ತಾರೆ. ಧಾರವಾಡದ ಎರೆಯ ಹೊಲಗಳ ನಡುವೆ ನಿಂತವನಿಗೆ ಕರಿಯ ಮಣ್ಣಿನ ಅರ್ಥವೇ ಸರಿಯೆಂದು ತೋರಬಹುದು. ನಮ್ಮ ಕಡೆಯಲ್ಲಿ ಕೆಂಪುಮಣ್ಣೇ ಹೆಚ್ಚು. ಆದರೆ ಲೊಕ್ಕನಹಳ್ಳಿಯಿಂದ ದಕ್ಷಿಣಕ್ಕೆ ಕಾಡುದಾರಿ ಹಿಡಿದು ಹಾಸನೂರು ದಾಟಿ, ದಿಂಬಂ ಘಟ್ಟದ ತಿರುವುಗಳಲ್ಲಿ ಸತ್ಯಮಂಗಲದ ಬಯಲಿಗೆ ಇಳಿದವರು, ಎತ್ತರದ ನಾಡು ಎಂಬ ಅರ್ಥವನ್ನು ಸುಲಭವಾಗಿ ತಳ್ಳಿಹಾಕಲಾರರು. ಇದು ವಾದದ ಮಾತಲ್ಲ, ಕಾಲಿಗೆ ತಿಳಿದ ಮಾತು.

ಅರ್ಥವು ಏನೇ ಇರಲಿ, ಆ ಹೆಸರು ಯಾವ ನೆಲಕ್ಕೆ ಸಲ್ಲತಕ್ಕುದೆಂಬ ವಿಷಯದಲ್ಲಿ ನಮ್ಮವರಲ್ಲಿ ಸಂದೇಹವಿರಲಿಲ್ಲ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ‘ಕವಿರಾಜಮಾರ್ಗ’ವು ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಕನ್ನಡದ ನಾಡೆಂದು ಕರೆಯಿತು. ಇಲ್ಲಿ ನಮ್ಮ ಸೀಮೆಯವರಿಗೆ ಒಂದು ತೊಡಕುಂಟು. ಕೊಳ್ಳೇಗಾಲ, ಹನೂರು, ಯಳಂದೂರುಗಳೆಲ್ಲ ಕಾವೇರಿಯ ದಕ್ಷಿಣದ ದಡದವು. ಗೆರೆಯೆಳೆದು ಅಳೆದರೆ ನಾವು ಆ ಪದ್ಯದ ಹೊರಗೆ ಉಳಿಯುತ್ತೇವೆ! ಕವಿಯು ನದಿಯನ್ನು ಹೆಸರಿಸಿದನೇ ಹೊರತು ಮೋಜಣಿಯ ಸರಪಣಿಯನ್ನು ಹಿಡಿದು ಬಂದವನಲ್ಲವೆಂದು ನಾವು ಸಮಾಧಾನಪಟ್ಟುಕೊಳ್ಳಬೇಕು. ಮಲೆಯ ಮಾದೇಶ್ವರನ ಕಥೆಯನ್ನು ಕಂಸಾಳೆಯವರು ರಾತ್ರಿಯೆಲ್ಲ ಹಾಡುವ, ಸೋಲಿಗರ ಹಾಡಿಗಳಲ್ಲಿಯೂ ಕನ್ನಡದ ಒಂದು ಬಗೆಯೇ ನುಡಿಯಾಗಿರುವ ಈ ನೆಲವನ್ನು ಕನ್ನಡನಾಡಲ್ಲವೆನ್ನುವ ಧೈರ್ಯ ಯಾವ ಕವಿಗೂ ಇರಲಾರದು.

ಹೆಸರು ಬೆಟ್ಟವನ್ನಿಳಿದುದು ವಿಜಯನಗರದ ಅರಸರ ಬೆನ್ನಹಿಂದೆ. ಅವರ ರಾಜ್ಯಕ್ಕೆ ಕರ್ನಾಟ ರಾಜ್ಯವೆಂಬ ಹೆಸರಿತ್ತು. 1565ರ ಯುದ್ಧದಲ್ಲಿ ರಾಜಧಾನಿಯು ಹಾಳಾದ ಮೇಲೆ ಅರಸರು ಪೆನುಕೊಂಡೆಗೆ ಹೋದರು. ಅಲ್ಲಿಂದ ಚಂದ್ರಗಿರಿಗೆ, ವೆಲ್ಲೂರಿಗೆ ಸರಿದರು. ನೆಲವು ಕೈಬಿಟ್ಟರೂ ಬಿರುದು ಕೈಬಿಡಲಿಲ್ಲ. ತೆಲುಗು ತಮಿಳುಗಳ ಸೀಮೆಯಲ್ಲಿ ಕುಳಿತೂ ಅವರು ಕರ್ನಾಟಕದ ಅರಸರೇ ಆಗಿದ್ದರು. 1639ರಲ್ಲಿ ಇಂಗ್ಲೀಷ್ ವರ್ತಕರು ಮದರಾಸಿನ ಮರಳದಂಡೆಯನ್ನು ಪಡೆದುದು ಈ ಕ್ಷೀಣದಶೆಯ ರಾಜ್ಯದ ಅಧಿಕಾರಿಯೊಬ್ಬನಿಂದಲೇ. ಹೀಗೆ ಕಡಲ ಕಡೆಯಿಂದ ಬಂದವರಿಗೆ ಕರ್ನಾಟಕವೆಂಬ ಹೆಸರು ಮೊದಲು ದೊರೆತುದು ಅದರ ಮನೆಯಲ್ಲಲ್ಲ, ಅದು ವಲಸೆ ಬಂದಿದ್ದ ಬಿಡಾರದಲ್ಲಿ.

ಆಮೇಲೆ ಬಿಜಾಪುರದ ಮತ್ತು ಗೋಲ್ಕೊಂಡದ ಸುಲ್ತಾನರು ಈ ರಾಜ್ಯವನ್ನು ಹಂಚಿಕೊಂಡರು. ಅವರ ದಫ್ತರಗಳಲ್ಲಿ ಘಟ್ಟದ ಮೇಲಿನದು ಕರ್ನಾಟಕ ಬಾಲಾಘಾಟ್, ಕೆಳಗಿನದು ಕರ್ನಾಟಕ ಪಾಯೀನ್‌ಘಾಟ್ ಎಂದು ವಿಭಾಗವಾಯಿತು. ಮೊಗಲರೂ ಅದನ್ನೇ ಇಟ್ಟುಕೊಂಡರು. ಘಟ್ಟದ ಮೇಲಿನದನ್ನು ಕ್ರಮವಾಗಿ ಮೈಸೂರಿನವರು ಕಟ್ಟಿಕೊಂಡುದರಿಂದ ಅದಕ್ಕೆ ಮೈಸೂರೆಂಬ ಹೆಸರೇ ಮುಂದಾಯಿತು. ಕೆಳಗಿನದು ಆರ್ಕಾಟಿನ ನವಾಬರದಾಯಿತು. ಇಂಗ್ಲೀಷರ ವ್ಯವಹಾರವೆಲ್ಲ ಈ ನವಾಬರೊಡನೆ. ದಿನವೂ ಬರೆಯುವ ಕಾಗದದಲ್ಲಿ ಉದ್ದವಾದ ಹೆಸರು ಗಿಡ್ಡವಾಗುವುದು ಸಹಜ. ಪಾಯೀನ್‌ಘಾಟ್ ಎಂಬ ವಿಶೇಷಣವು ಉದುರಿಹೋಗಿ ಬರಿಯ ಕರ್ನಾಟಿಕ್ ಎಂಬುದು ಉಳಿಯಿತು. ಫ್ರೆಂಚರಿಗೂ ಇಂಗ್ಲೀಷರಿಗೂ 1746ರಿಂದ 1763ರವರೆಗೆ ನಡೆದ ಕಾದಾಟಗಳಿಗೆ ಕರ್ನಾಟಿಕ್ ಯುದ್ಧಗಳೆಂಬ ಹೆಸರು ನಿಂತುದು ಹೀಗೆ. ಆದುದರಿಂದ ಇಂಗ್ಲೀಷರು ನಮ್ಮ ಹೆಸರನ್ನು ಅಪಹರಿಸಿದರೆಂದು ಕೆಲವರು ಆಕ್ರೋಶದಿಂದ ಬರೆಯುವುದು ನ್ಯಾಯವಲ್ಲ. ಹೆಸರನ್ನು ಕೆಳಗಿಳಿಸಿದವರು ನಮ್ಮ ಅರಸರೇ. ಇಂಗ್ಲೀಷರು ಮಾಡಿದ ತಪ್ಪು ಅರ್ಧ ಹೆಸರನ್ನು ಬಿಟ್ಟು ಬರೆದುದು.

ಇಂತಹ ತಪ್ಪು ನಮ್ಮ ಒಬ್ಬರ ಪಾಲಿಗೆ ಬಂದುದೂ ಅಲ್ಲ. ಇಂಗ್ಲೀಷಿನ ಡಚ್ ಎಂಬ ಶಬ್ದವು ಒಂದು ಕಾಲದಲ್ಲಿ ಜರ್ಮನಿಯವರಿಗೂ ಸೇರಿ ಸಲ್ಲುತ್ತಿತ್ತು. ಜರ್ಮನರು ಇಂದಿಗೂ ತಮ್ಮನ್ನು ಡಾಯ್ಚ್ ಎಂದೇ ಕರೆದುಕೊಳ್ಳುತ್ತಾರೆ. ಆದರೆ ಇಂಗ್ಲೀಷ್ ವರ್ತಕರಿಗೆ ಸಮುದ್ರದಲ್ಲಿ ಹೆಚ್ಚಾಗಿ ಎದುರಾದವರು ಹಾಲೆಂಡಿನವರಾದುದರಿಂದ ಹೆಸರು ಅವರಿಗೆ ಅಂಟಿಕೊಂಡಿತು. ಹತ್ತಿರ ಸಿಕ್ಕಿದವನಿಗೆ ಊರಿನವರೆಲ್ಲರ ಹೆಸರಿಡುವ ಈ ರೂಢಿಯನ್ನು ಕರ್ನಾಟಿಕ್ಕಿನಲ್ಲಿಯೂ ಕಾಣಬಹುದು. ಲೊಕ್ಕನಹಳ್ಳಿಗೆ ಸಮೀಪದ ಒಡೆಯರಪಾಳ್ಯದಲ್ಲಿ 1970ರ ದಶಕದಿಂದ ಟಿಬೆಟಿನ ನಿರಾಶ್ರಿತರು ನೆಲಸಿ ಜೋಳವನ್ನು ಬೆಳೆಯುತ್ತಿದ್ದಾರೆ. ಅವರ ಬಾಯಲ್ಲಿ ಅವರ ದೇಶದ ಹೆಸರು ಬೋದ್. ಟಿಬೆಟ್ ಎಂಬುದು ಹೊರಗಿನವರು ಕರೆಯುವ ಹೆಸರು. ನಾವಾದರೂ ಇಂಗ್ಲೀಷನ್ನು ಅನುಸರಿಸಿ ಅವರನ್ನು ಟಿಬೆಟಿನವರೆಂದೇ ಕರೆಯುತ್ತೇವಲ್ಲದೆ ಬೋದಿನವರೆನ್ನುವುದಿಲ್ಲ.

ಇನ್ನು ಪಶ್ಚಿಮದ ಕರಾವಳಿಯ ಕಥೆ. ಆ ತೀರವು ವಿಜಯನಗರದ, ಆಮೇಲೆ ಕೆಳದಿಯ ಅರಸರ ಆಳ್ವಿಕೆಯಲ್ಲಿದ್ದಾಗ ಅಲ್ಲಿಗೆ ಬಂದ ಪೋರ್ತುಗೀಸರು ಕನ್ನಡವೆಂಬುದನ್ನು ಕನಾರಾ ಎಂದು ಉಚ್ಚರಿಸಿದರು. ಅವರ ಕೈಯಲ್ಲಿ ಆ ಹೆಸರಿನ ಗತಿ ವಿಚಿತ್ರವಾಯಿತು. ಇಂಗ್ಲೆಂಡಿನಿಂದ ಬಂದು ಗೋವೆಯಲ್ಲಿ ನೆಲಸಿದ ಪಾದ್ರಿ ಥಾಮಸ್ ಸ್ಟೀಫನ್ಸರು ರಚಿಸಿ, 1640ರಲ್ಲಿ ರಾಚೋಲಿನಲ್ಲಿ ಮುದ್ರಿತವಾದ ವ್ಯಾಕರಣಕ್ಕೆ ಕನಾರಿಂ ಭಾಷೆಯ ವ್ಯಾಕರಣವೆಂದು ಹೆಸರು. ತೆರೆದು ನೋಡಿದರೆ ಒಳಗಿರುವುದು ಕೊಂಕಣಿ! ಇಂಗ್ಲೀಷರು ಆ ಕರಾವಳಿಯನ್ನು 1799ರಲ್ಲಿ ಪಡೆದು ಕೆನರಾ ಜಿಲ್ಲೆಯೆಂದರು. ಮುಂದೆ ಅದನ್ನು ಎರಡು ಮಾಡಿ, 1862ರಲ್ಲಿ ಉತ್ತರದ ಭಾಗವನ್ನು ಮುಂಬಯಿಗೆ ಕೊಟ್ಟು, ದಕ್ಷಿಣದ ಭಾಗವನ್ನು ಮದರಾಸಿನಲ್ಲಿಯೇ ಉಳಿಸಿದರು. ತುಳುವೂ ಕೊಂಕಣಿಯೂ ಮನೆಮಾತಾಗಿರುವ ಮಂಗಳೂರಿನ ಕಡೆಗೆ ಕನ್ನಡದ ಹೆಸರಿನ ಅಪಭ್ರಂಶವು ಸಂದಿತು. 1906ರಲ್ಲಿ ಅಲ್ಲಿ ಸ್ಥಾಪಿತವಾದ ಬ್ಯಾಂಕು ಅದನ್ನು ಇಂದಿಗೂ ದೇಶದಲ್ಲೆಲ್ಲ ಹೊತ್ತು ತಿರುಗುತ್ತಿದೆ.

ಹೀಗೆ ನಮ್ಮ ಒಂದೇ ಹೆಸರಿನಿಂದ ಇಂಗ್ಲೀಷಿನಲ್ಲಿ ಹುಟ್ಟಿದ ಎರಡು ದೇಶನಾಮಗಳು, ಒಂದು ಪೂರ್ವದ ಕಡಲಿಗೂ ಇನ್ನೊಂದು ಪಶ್ಚಿಮದ ಕಡಲಿಗೂ ಹೋಗಿ ನಿಂತುವು. ನಡುವಣ ಎತ್ತರದ ನಾಡಿಗೆ, ಎಂದರೆ ಕನ್ನಡದ ಹೃದಯಸ್ಥಾನಕ್ಕೆ, ಇಂಗ್ಲೀಷಿನಲ್ಲಿ ಹೆಸರೇ ಇಲ್ಲವಾಯಿತು. ಧಾರವಾಡದವನು ದಕ್ಷಿಣ ಮಹಾರಾಷ್ಟ್ರದವನೆನ್ನಿಸಿಕೊಂಡನು. ರಾಯಚೂರಿನವನು ನಿಜಾಮನ ಪ್ರಜೆ. ಬಳ್ಳಾರಿಯವನು ದತ್ತ ಮಂಡಲದವನು. ಮೈಸೂರಿನವರಿಗೆ ತಮ್ಮ ಅರಸರ ಸಂಸ್ಥಾನದ ಹೆಸರಾದರೂ ಇತ್ತು.

ಕೊಳ್ಳೇಗಾಲಕ್ಕೆ ಅದೂ ಇಲ್ಲ. ಟೀಪು ಸುಲ್ತಾನನು ಮಡಿದ ಮೇಲೆ, 1799ರಲ್ಲಿ, ಈ ಸೀಮೆಯು ಕಂಪೆನಿಯ ಪಾಲಿಗೆ ಬಂದು ಕೊಯಮತ್ತೂರಿಗೆ ಸೇರಿತು. ಪಕ್ಕದ ಯಳಂದೂರು ಮೈಸೂರಿನಲ್ಲಿಯೇ ಉಳಿದು, 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಯಿತು. ಯಳಂದೂರಿನಿಂದ ಕೊಳ್ಳೇಗಾಲಕ್ಕೆ ಬೆಳಗಿನ ತಂಪಿನಲ್ಲಿ ನಡೆದೇ ಬರಬಹುದು. ಎರಡು ಊರುಗಳ ಮಾತಿನಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿಲ್ಲ. ಹೆಣ್ಣು ಕೊಟ್ಟು ತಂದು ಮಾಡುವ ಬಳಕೆ ಎಂದಿನಿಂದಲೂ ಉಂಟು. ಆದರೂ ಒಬ್ಬನು ಮೈಸೂರಿನವನು, ಇನ್ನೊಬ್ಬನು ಮದರಾಸಿನವನು. ಲೊಕ್ಕನಹಳ್ಳಿಯ ರೈತನಿಗೆ ಜಿಲ್ಲೆಯ ಕಚೇರಿಯಲ್ಲಿ ಕೆಲಸವಿದ್ದರೆ ಘಟ್ಟವಿಳಿದು ಭಾಷೆ ಬದಲಾಗುವ ಊರಿಗೆ ಹೋಗಬೇಕಾಗಿತ್ತು. ಅವನ ಊರು ಘಟ್ಟದ ಮೇಲಿದ್ದುದರಿಂದ ನವಾಬರ ಕರ್ನಾಟಿಕ್ಕಿಗೆ ಸೇರದು. ಕಂಪೆನಿಯದಾದುದರಿಂದ ಮೈಸೂರಿಗೆ ಸೇರದು. ಕಡಲಿಗೆ ದೂರವಾದುದರಿಂದ ಕೆನರಾಕ್ಕೆ ಸೇರದು. ಇಂಗ್ಲೀಷಿನಲ್ಲಿ ಅವನ ಪಾಲಿಗೆ ಉಳಿದುದು ಒಂದೇ ಶಬ್ದ: ಕೆನರೀಸ್. ನಾಡಿಲ್ಲದೆ ನುಡಿಯ ಹೆಸರೊಂದೇ ಅವನಿಗೆ ದಕ್ಕಿತು.

ಇದರಲ್ಲಿ ಸೋಜಿಗದ ಸಂಗತಿಯೆಂದರೆ, ನಿಜಸ್ಥಿತಿಯು ಇಂಗ್ಲೀಷ್ ವಿದ್ವಾಂಸರಿಗೆ ಮೊದಲಿನಿಂದಲೂ ತಿಳಿದೇ ಇತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿಯವರ ಆಜ್ಞೆಯಂತೆ 1800ರಲ್ಲಿ ಮದರಾಸಿನಿಂದ ಹೊರಟ ಡಾಕ್ಟರ್ ಫ್ರಾನ್ಸಿಸ್ ಬುಕನನ್ನರು ಮೈಸೂರನ್ನು ಸುತ್ತಿ, ಕೊಳ್ಳೇಗಾಲದ ಮಾರ್ಗವಾಗಿ ಕಾವೇರಿಪುರದ ಕಣಿವೆಯನ್ನಿಳಿದು ಕೊಯಮತ್ತೂರಿಗೆ ಹೋದರು. 1807ರಲ್ಲಿ ಅಚ್ಚಾದ ತಮ್ಮ ಪ್ರವಾಸಗ್ರಂಥದಲ್ಲಿ ಈ ಭಾಗವನ್ನು ಅವರು ಕಾವೇರಿಯ ದಕ್ಷಿಣಕ್ಕಿರುವ ಕರ್ನಾಟವೆಂದೇ ಕರೆದಿದ್ದಾರೆ. ನಮ್ಮ ಹಳೆಯ ಗ್ರಂಥದ ಗೆರೆಯು ಹೊರಗಿಟ್ಟವರನ್ನು ಒಬ್ಬ ಸ್ಕಾಟ್ಲೆಂಡಿನ ವೈದ್ಯನು ಒಳಗೆ ಸೇರಿಸಿಕೊಂಡನೆಂದರೆ ತಪ್ಪಾಗದು.

ಮೈಸೂರಿನಲ್ಲಿ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸರು ಇನ್ನೂ ಸ್ಪಷ್ಟವಾಗಿ ಬರೆದರು. ಅವರ ದಕ್ಷಿಣ ಹಿಂದೂಸ್ಥಾನದ ಚರಿತ್ರೆಯ ಮೊದಲ ಸಂಪುಟವು 1810ರಲ್ಲಿ ಹೊರಬಿತ್ತು. ಅದರಲ್ಲಿ ಅವರು ನಿಜವಾದ ಕನ್ನಡದೇಶದ ಗಡಿಯನ್ನು ಭಾಷೆಯ ಹರವನ್ನೇ ಹಿಡಿದು ಗುರುತಿಸುತ್ತಾರೆ. ಆ ಗೆರೆಯು ಬೀದರಿನ ಸಮೀಪದಲ್ಲಿ ಆರಂಭವಾಗಿ ಆಗ್ನೇಯಕ್ಕೆ ಹರಿದು, ಆದವಾನಿ ಅನಂತಪುರ ನಂದಿದುರ್ಗಗಳ ಬಳಿ ಹಾದು ಘಟ್ಟವನ್ನು ಮುಟ್ಟಿ, ಘಟ್ಟದೊಡನೆಯೇ ದಕ್ಷಿಣಕ್ಕೆ ಗಜ್ಜಲಹಟ್ಟಿಯ ಕಣಿವೆಗೆ ಬರುತ್ತದೆ. ಅಲ್ಲಿಂದ ತಿರುಗಿ ಪಶ್ಚಿಮದ ಘಟ್ಟಗಳ ಅಂಚನ್ನು ಹಿಡಿದು ಕೃಷ್ಣೆಯ ಮೂಲದ ಕಡೆಗೆ ಏರಿ ಬೀದರನ್ನು ಕೂಡುತ್ತದೆ. ಗಜ್ಜಲಹಟ್ಟಿಯೆಂದರೆ 1790ರಲ್ಲಿ ಟೀಪುವು ಸೈನ್ಯದೊಡನೆ ಕೊಯಮತ್ತೂರಿನ ಬಯಲಿಗೆ ಇಳಿದ ದಾರಿ. ಲೊಕ್ಕನಹಳ್ಳಿಯ ದಕ್ಷಿಣದ ಕಾಡುಗಳಾಚೆಗೆ ಮೋಯಾರಿನ ಕಣಿವೆಯಲ್ಲಿದೆ. ಎಂದಮೇಲೆ ವಿಲ್ಕ್ಸರ ಗೆರೆಯೊಳಗೆ ನಮ್ಮ ಊರು ನಿಸ್ಸಂದೇಹವಾಗಿ ಬಿತ್ತು. ಕೊಳ್ಳೇಗಾಲದ ಸೀಮೆಯು ಕನ್ನಡದ್ದೋ ಅಲ್ಲವೋ ಎಂಬ ಪ್ರಶ್ನೆಯು ಎದ್ದುದು ನೂರನಲವತ್ತು ವರ್ಷಗಳ ಮೇಲೆ. ಉತ್ತರವು ಅದಕ್ಕೂ ಮೊದಲೇ ಪುಸ್ತಕದಲ್ಲಿ ಕುಳಿತಿತ್ತು.

ಕಾಲ್ಡ್‌ವೆಲ್ಲರು 1856ರಲ್ಲಿ ಈ ತಪ್ಪನ್ನು ಎತ್ತಿ ತೋರಿಸಿದರು. 1886ರಲ್ಲಿ ಯೂಲ್ ಮತ್ತು ಬರ್ನೆಲ್ ಇವರ ‘ಹಾಬ್ಸನ್ ಜಾಬ್ಸನ್’ ಎಂಬ ಆಂಗ್ಲ ಹಿಂದೂಸ್ಥಾನಿ ಶಬ್ದಕೋಶವು ಅದನ್ನು ವಿವರಿಸಿತು. ಸರಕಾರದ್ದೇ ಆದ ಇಂಪೀರಿಯಲ್ ಗೆಝೆಟಿಯರು 1908ರಲ್ಲಿ, ಕರ್ನಾಟಿಕ್ ಎಂಬುದು ನಿಜವಾಗಿ ಕನ್ನಡದೇಶವೆಂದೂ ತಮಿಳುಸೀಮೆಗೆ ಅದನ್ನು ಬಳಸಿದುದು ಐರೋಪ್ಯ ಲೇಖಕರ ತಪ್ಪೆಂದೂ ಒಪ್ಪಿಕೊಂಡಿತು. ಒಪ್ಪಿಕೊಂಡುದೇನೋ ಸರಿ; ತಿದ್ದಿದವರು ಯಾರೂ ಇಲ್ಲ. 1801ರಲ್ಲಿ ನವಾಬರ ರಾಜ್ಯಾಧಿಕಾರವನ್ನೂ, 1855ರಲ್ಲಿ ಅವರ ಪದವಿಯನ್ನೂ ಕಂಪೆನಿಯು ಕೊನೆಗಾಣಿಸಿದರೂ, ಸೇನೆಯ ಪಟಾಲಮುಗಳಿಗೆ 1903ರಲ್ಲಿ ಹೊಸದಾಗಿ ಕರ್ನಾಟಿಕ್ ಎಂಬ ಹೆಸರು ಬಂದಿತು. ವಿದ್ವಾಂಸನ ಅಡಿಟಿಪ್ಪಣಿಗಿಂತ ಗುಮಾಸ್ತನ ರೂಢಿಗೆ ಬಲ ಹೆಚ್ಚೆಂಬುದಕ್ಕೆ ಇದಕ್ಕಿಂತ ಉದಾಹರಣೆ ಬೇಕಿಲ್ಲ.

ಸಂಗೀತದ ಮಾತು ಬೇರೆ. ಹಿಂದೂಸ್ಥಾನಿ ಪದ್ಧತಿಗೆ ಎದುರಾಗಿ ದಕ್ಷಿಣದ ಪದ್ಧತಿಯನ್ನೆಲ್ಲ ಕರ್ನಾಟಕ ಸಂಗೀತವೆನ್ನುವುದು ನಮ್ಮವರದೇ ರೂಢಿ. ತಂಜಾವೂರಿನ ವಿದ್ವಾಂಸರೂ ಪುರಂದರದಾಸರನ್ನು ಪಿತಾಮಹರೆಂದು ಕೈಮುಗಿಯುವರು. ಅಲ್ಲಿ ತಕರಾರಿಗೆ ಎಡೆಯಿಲ್ಲ.

ನುಡಿಯ ಹೆಸರೂ ಇಂಗ್ಲೀಷಿನಲ್ಲಿ ಸುಲಭವಾಗಿ ನೆಲೆಗೊಳ್ಳಲಿಲ್ಲ. ಸಿರಾಂಪುರದ ವಿಲಿಯಂ ಕೇರಿಯವರು 1817ರಲ್ಲಿ ಬರೆದುದು ಕರ್ನಾಟ ಭಾಷೆಯ ವ್ಯಾಕರಣ. 1820ರಲ್ಲಿ ಮದರಾಸಿನಲ್ಲಿ ಮೆಕೆರೆಲ್ಲರೂ, 1832ರ ತಮ್ಮ ನಿಘಂಟಿನಲ್ಲಿ ರೀವರೂ ಕರ್ನಾಟಕ ಭಾಷೆಯೆಂದರು. 1859ರಲ್ಲಿ ಹಾಡ್ಸನ್ನರು ಕನ್ನಡ ಅಥವಾ ಕೆನರೀಸ್ ಎಂದು ಎರಡನ್ನೂ ಇಟ್ಟು ಓದುಗನ ಆಯ್ಕೆಗೆ ಬಿಟ್ಟರು. 1894ರಲ್ಲಿ ಕಿಟ್ಟೆಲ್ ಮಹಾಶಯರು ತಮ್ಮ ಮಹಾಕೋಶದ ಮುಖಪುಟದಲ್ಲಿ ಕನ್ನಡವೆಂದು ಮಾತ್ರ ಮುದ್ರಿಸಿದರು. ಒಬ್ಬ ಜರ್ಮನನು ನಮ್ಮ ನುಡಿಯನ್ನು ನಾವು ಕರೆಯುವಂತೆಯೇ ಇಂಗ್ಲೀಷಿನಲ್ಲಿ ಕರೆದುದು ಸಣ್ಣ ಉಪಕಾರವಲ್ಲ. ಆದರೂ ಜನಗಣತಿಯ ವರದಿಗಳಲ್ಲಿಯೂ ಭಾಷಾಸರ್ವೇಕ್ಷಣೆಯಲ್ಲಿಯೂ ಕೆನರೀಸೇ ಮುಂದುವರಿಯಿತು. 1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಕನ್ನಡವೆಂದು ಅಚ್ಚಾದ ಬಳಿಕ ಕೆನರೀಸು ಮೆಲ್ಲಗೆ ಮರೆಯಾಯಿತು. ಈಗ ಹೊರದೇಶಗಳಲ್ಲಿರುವ ನಮ್ಮವರಿಗೆ ಉಳಿದಿರುವ ಪೀಡೆ ಒಂದೇ: ಕನ್ನಡವೆಂದರೆ ಕೆನಡವೇ ಎಂದು ಕೇಳುವವರಿಗೆ ಉತ್ತರ ಹೇಳುವುದು. ಆ ಹೆಸರು ಅಮೆರಿಕೆಯ ಮೂಲನಿವಾಸಿಗಳ ಭಾಷೆಯಲ್ಲಿ ಹಳ್ಳಿಯೆಂಬ ಅರ್ಥದ ಮಾತಿನಿಂದ ಬಂದುದು. ನಮಗೂ ಅದಕ್ಕೂ ನಂಟಿಲ್ಲ.

ನಾಡಿನ ಹೆಸರನ್ನು ಮರಳಿ ಮನೆಗೆ ತರುವ ಯತ್ನವು ಇಂಗ್ಲೀಷಿನಲ್ಲಿ ನಡೆಯಲಿಲ್ಲ, ಕನ್ನಡದಲ್ಲಿ ನಡೆಯಿತು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವೂ, 1915ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಸಾಹಿತ್ಯ ಪರಿಷತ್ತೂ ಸ್ಥಾಪಿತವಾದುವು. ಪರಿಷತ್ತು 1938ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತೆಂದು ಹೆಸರನ್ನು ಬದಲಾಯಿಸಿಕೊಂಡಿತು. 1917ರಲ್ಲಿ ಆಲೂರು ವೆಂಕಟರಾಯರ ‘ಕರ್ನಾಟಕ ಗತವೈಭವ’ವು ಹೊರಬಂದಿತು. ಅದೇ ವರ್ಷ ಧಾರವಾಡದಲ್ಲಿ ಆರಂಭವಾದ ಕಾಲೇಜಿಗೆ ಇಂಗ್ಲೀಷಿನಲ್ಲಿ ಕರ್ನಾಟಕ್ ಎಂದು ಕೊನೆಯ ಅಕಾರವಿಲ್ಲದೆ ಹೆಸರಿಟ್ಟರು. ಮದರಾಸಿನ ಸಿ ಅಕ್ಷರವನ್ನು ಬಿಟ್ಟು ಕೆ ಅಕ್ಷರವನ್ನು ಹಿಡಿದುದು ಲಾಭವೇ. ಕೊನೆಯ ಸ್ವರವನ್ನು ಮುಂಬಯಿಯ ಉಚ್ಚಾರಕ್ಕೆ ಒಪ್ಪಿಸಿದುದು ನಷ್ಟ.

1955ರಲ್ಲಿ ವರದಿಯನ್ನೊಪ್ಪಿಸಿದ ರಾಜ್ಯ ಪುನರ್ವಿಂಗಡಣಾ ಆಯೋಗವು ಕನ್ನಡಿಗರ ಹೊಸ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರನ್ನೇ ಸೂಚಿಸಿತ್ತು. ಕೊಯಮತ್ತೂರಿನ ಕೊಳ್ಳೇಗಾಲ ತಾಲ್ಲೂಕನ್ನು ಅದಕ್ಕೆ ಸೇರಿಸಬೇಕೆಂದೂ ಹೇಳಿತು. 1956ರ ನವೆಂಬರ್ 1ರಂದು ತಾಲ್ಲೂಕು ಬಂದಿತು, ಹೆಸರು ಬರಲಿಲ್ಲ. ರಾಜ್ಯವು ಮೈಸೂರಾಗಿಯೇ ಉಳಿಯಿತು. ಹಳೆಯ ಮೈಸೂರಿನವರಿಗೆ ಆ ಹೆಸರಿನಲ್ಲಿದ್ದ ಮಮತೆಯನ್ನು ಹಳಿಯಲಾಗದು. ನಾಲ್ಕು ತಲೆಮಾರು ಗೌರವದಿಂದ ಬಾಳಿದ ಹೆಸರದು. ಆದರೆ ನೂರಐವತ್ತೇಳು ವರ್ಷಗಳ ಕಾಲ ‘ನೀವು ಮೈಸೂರಿನವರಲ್ಲ’ ಎನ್ನಿಸಿಕೊಂಡ ನಮ್ಮ ಸೀಮೆಯವರು ಒಂದೇ ರಾತ್ರಿಯಲ್ಲಿ ಮೈಸೂರಿನವರಾದಾಗ ಅವರಿಗೆ ತಮ್ಮ ಮನೆಗೆ ಬಂದೆವೆಂದು ಅನ್ನಿಸಿತೋ, ನಂಟರ ಮನೆಗೆ ಬಂದೆವೆಂದು ಅನ್ನಿಸಿತೋ! ನಮ್ಮ ತಾತನವರು ಆಮೇಲೆಯೂ ಬಹುಕಾಲ ‘ಮೈಸೂರು ಸೀಮೆಗೆ ಹೋಗಿಬರುತ್ತೇನೆ’ ಎಂದು ಹೇಳಿಯೇ ಯಳಂದೂರಿಗೆ ಹೊರಡುತ್ತಿದ್ದರು.

1973ರ ನವೆಂಬರ್ 1ರಂದು, ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ, ರಾಜ್ಯದ ಹೆಸರು ಕರ್ನಾಟಕವಾಯಿತು. ಇಂಗ್ಲೀಷಿನಲ್ಲಿಯೂ ಕೆ ಅಕ್ಷರದಿಂದ ಮೊದಲಾಗಿ ಕೊನೆಯ ಸ್ವರದೊಡನೆ ಪೂರ್ಣವಾಗಿ ಬರೆಯುವ ರೂಪವೇ ಕಾನೂನಿನಲ್ಲಿ ಸೇರಿತು. ತಾತನವರು ಆ ವರ್ಷ ಇದ್ದರು. ಪತ್ರಿಕೆಯನ್ನು ಓದಿಸಿ ಕೇಳಿ, ‘ಹಾಗಾದರೆ ಆರ್ಕಾಟಿನವರು ಈಗ ಏನೆಂದು ಹೇಳಿಕೊಳ್ಳುತ್ತಾರೆ?’ ಎಂದು ವಿಚಾರಿಸಿದರು. ತಮಿಳುನಾಡಿನವರೆಂದು ಹೇಳಿದೆವು. ಮದರಾಸು ರಾಜ್ಯಕ್ಕೆ ಆ ಹೆಸರು 1969ರಲ್ಲಿಯೇ ಬಂದಿತ್ತು.

ಹೆಸರು ಮನೆ ಸೇರಿದರೂ ಹಳೆಯ ಕಾಗದಗಳು ಸೇರಿಲ್ಲ. ರೈಸ್ ಮಹಾಶಯರು 1886ರಿಂದ ಹೊರತಂದ ‘ಎಪಿಗ್ರಾಫಿಯ ಕರ್ನಾಟಿಕ’ದಲ್ಲಿ ಯಳಂದೂರಿನ ಶಾಸನಗಳುಂಟು. ಕೊಳ್ಳೇಗಾಲದವು ಆ ಮೂಲ ಸಂಪುಟಗಳಲ್ಲಿಲ್ಲ. ಆಗ ಅದು ಅನ್ಯಸೀಮೆಯಾಗಿತ್ತು. ಅವರ ಮೈಸೂರು ಗೆಝೆಟಿಯರಿನಲ್ಲಿ ಈ ತಾಲ್ಲೂಕನ್ನು ಹುಡುಕುವವರಿಗೂ ಆಶಾಭಂಗವೇ. ತಮ್ಮ ಊರಿನ ಹಿಂದಿನ ಕಂದಾಯವನ್ನೋ ಕಾಡಿನ ಹಕ್ಕನ್ನೋ ಅರಿಯಬಯಸುವ ಲೊಕ್ಕನಹಳ್ಳಿಯವರು ನಿಕಲ್ಸನ್ನರು 1887ರಲ್ಲಿ ಬರೆದ ಕೊಯಮತ್ತೂರು ಜಿಲ್ಲೆಯ ಕೈಪಿಡಿಯನ್ನು ನೋಡಬೇಕು. ಅದಕ್ಕೂ ಹಿಂದಿನದು ಬೇಕಾದರೆ ಚೆನ್ನೈಯ ಎಗ್ಮೂರಿನಲ್ಲಿರುವ ದಾಖಲೆಗಳ ಭಂಡಾರಕ್ಕೆ ಹೋಗಿ, ಕೊಯಮತ್ತೂರು ಎಂಬ ಹೆಸರಿನ ಕೆಳಗೆ ಕೇಳಬೇಕು.